ಮನಸ್ಸಿನ ಬೇಲಿಗೆ ಟೇಪು ಹಿಡಿದವರು

ಕಳೆದ ತಿಂಗಳು ನಮ್ಮ ಆಫೀಸಿನಲ್ಲಿ ಒಂದು ದಿನದ ಟ್ರೈನಿಂಗ್ ಇತ್ತು. ಇಂಥ ಟ್ರೈನಿಂಗುಗಳಲ್ಲಿ ಮಧ್ಯಾಹ್ನದ ಊಟ ಚೆನ್ನಾಗಿರುತ್ತೆ ಅನ್ನೋದು ಬಿಟ್ಟರೆ ಬೇರೇನೂ ನಿರೀಕ್ಷೆ ಇಟ್ಟುಕೊಂಡು ಹೋಗುವವನಲ್ಲ ನಾನು. ಆದರೆ ಈ ಸಲ ಬಂದಿದ್ದ ಮಹಾಶಯರು ಹನ್ನೊಂದು ಗಂಟೆ ಹೊತ್ತಿಗೆ ಎಲ್ಲರ ಕೈಗೂ ಒಂದು ಹಾಳೆ ಕೊಟ್ಟರು. ಇಪ್ಪತ್ತು ಪ್ರಶ್ನೆ. ಪ್ರತಿ ಪ್ರಶ್ನೆಗೂ 0ಯಿಂದ 4ರವರೆಗೆ ಅಂಕ ಹಾಕಬೇಕು. "ಯೋಚನೆ ಮಾಡಬೇಡಿ, ಮನಸ್ಸಿಗೆ ಬಂದಿದ್ದನ್ನ ಹಾಕಿ" ಅಂದರು. ಹತ್ತು ನಿಮಿಷ. ಆಮೇಲೆ ಕೂಡಿಸಿ ಅಂದರು. ಕೂಡಿಸಿದೆವು. ಇಷ್ಟಕ್ಕಿಂತ ಹೆಚ್ಚು ಬಂದವರು ಎಡಕ್ಕೆ, ಕಡಿಮೆ ಬಂದವರು ಬಲಕ್ಕೆ ನಿಂತುಕೊಳ್ಳಿ ಅಂದರು.

ಎಡಕ್ಕೆ ನಿಂತವರು "ತೆಳು ಬೌಂಡರಿ"ಯವರಂತೆ. ಬಲಕ್ಕೆ ನಿಂತವರು "ದಪ್ಪ ಬೌಂಡರಿ"ಯವರಂತೆ. ನಾನು ಬಲಕ್ಕಿದ್ದೆ. ನನ್ನ ಪಕ್ಕದ ಸೀಟಿನ ಸಹೋದ್ಯೋಗಿ, ಆರು ವರ್ಷದಿಂದ ಗಿರಾಕಿಗಳ ಜೊತೆ ಮಾತಾಡುವ ಕೆಲಸವನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಮಾಡಿಕೊಂಡು ಬಂದಿರುವ ಹೆಣ್ಣುಮಗಳು, ಎಡಕ್ಕಿದ್ದರು. ಎಲ್ಲರೂ ನಕ್ಕೆವು, ಫೋಟೋ ತೆಗೆಸಿಕೊಂಡೆವು, ಊಟಕ್ಕೆ ಹೋದೆವು. ಊಟ ಚೆನ್ನಾಗಿತ್ತು :)

ಎರಡು ವಾರದ ನಂತರ ಹೊಸ ಪ್ರಾಜೆಕ್ಟಿಗೆ ಹೆಸರುಗಳು ಬಂದಾಗ ಗಿರಾಕಿಗಳ ಜೊತೆ ಕೂರುವ ತಂಡದಲ್ಲಿ ಅವರ ಹೆಸರಿರಲಿಲ್ಲ. ಹೋಗಿ ಕೇಳಿದ್ದಕ್ಕೆ ಸಿಕ್ಕ ಉತ್ತರ: "ನಿಮಗೇ ಸ್ಟ್ರೆಸ್ ಆಗುತ್ತೆ ಅಂತ... ಅವತ್ತು ಟ್ರೈನಿಂಗಿನಲ್ಲಿ ನೋಡಿದ್ವಲ್ಲ."

ಆವತ್ತು ಸಂಜೆ ಮನೆಗೆ ಬಂದವನೇ ಈ ದಪ್ಪ-ತೆಳುವಿನ ಮೂಲ ಎಲ್ಲಿದೆ ಅಂತ ಹುಡುಕೋಕೆ ಕೂತೆ. ಒಂದು ತಿಂಗಳು ಓದಿದ್ದರ ಫಲ ಈ ಬರಹ. ನಾನು ಮನಶ್ಶಾಸ್ತ್ರ ಓದಿದವನಲ್ಲ, ಆದರೆ ಅಂಕಿ ಅಂಶದ ಕೆಲಸ ಮಾಡುವವನು. ಮನಸ್ಸನ್ನು ಅಳೆಯುವುದೇ ತಪ್ಪು ಅಂತ ಹೇಳೋಕೆ ಹೊರಟಿಲ್ಲ. ಅಳತೆ ಮಾಡಿದವರು ಹೇಳಿದ್ದೇ ಒಂದು, ಅದನ್ನು ಹಿಡಿದುಕೊಂಡು ತೀರ್ಪು ಕೊಡುವವರು ಮಾಡುತ್ತಿರುವುದೇ ಇನ್ನೊಂದು ಅನ್ನೋದು ನನ್ನ ತಕರಾರು.

ಕೆಟ್ಟ ಕನಸಿನಿಂದ ಶುರುವಾದ ಕತೆ

ಅರ್ನೆಸ್ಟ್ ಹಾರ್ಟ್‌ಮನ್ ಅಂತ ಒಬ್ಬ ಮನೋವೈದ್ಯರಿದ್ದರು. 1934ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು. ಅವರಪ್ಪ ಹೈಂಜ್ ಹಾರ್ಟ್‌ಮನ್ ಕೂಡ ದೊಡ್ಡ ಮನೋವಿಶ್ಲೇಷಕ. ಫ್ರಾಯ್ಡ್ ಅವರ ಬಳಗದವರು. ನಾತ್ಸಿಗಳ ಕಾಲದಲ್ಲಿ ಕುಟುಂಬ ಆಸ್ಟ್ರಿಯಾ ಬಿಟ್ಟು ಕೊನೆಗೆ ಅಮೆರಿಕ ಸೇರಿತು. ಗಡಿ ದಾಟಿ ಬಂದ ಹುಡುಗ ದೊಡ್ಡವನಾಗಿ ಮನಸ್ಸಿನ ಗಡಿಗಳ ಬಗ್ಗೆ ಪುಸ್ತಕ ಬರೆದ ಅನ್ನೋದು ಕಾಕತಾಳೀಯವೇ ಇರಬಹುದು, ನನಗೇಕೋ ನೆನಪಿನಲ್ಲಿ ಉಳಿಯಿತು.

ಹಾರ್ಟ್‌ಮನ್ ಬಾಸ್ಟನ್ನಿನಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದರು, ನಿದ್ದೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ಪದೇ ಪದೇ ಭಯಾನಕ ಕನಸು ಬೀಳುವ ವಯಸ್ಕರು ಎಂಥವರು ಅನ್ನೋದು ಅವರ ಪ್ರಶ್ನೆ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಅಂಥವರನ್ನು ಕರೆಸಿ ಗಂಟೆಗಟ್ಟಲೆ ಮಾತಾಡಿಸಿದರು. ಇವರೆಲ್ಲ ಬಾಲ್ಯದಲ್ಲಿ ಏನೋ ಘೋರ ಅನುಭವಿಸಿದವರಿರಬೇಕು, ಅಥವಾ ಸದಾ ಆತಂಕದಲ್ಲಿರುವವರಿರಬೇಕು ಅಂತ ಯಾರಾದರೂ ಊಹಿಸುತ್ತಾರೆ. ಆದರೆ ಬಹುಪಾಲು ಜನರಲ್ಲಿ ಅಂಥದ್ದೇನೂ ಕಾಣಲಿಲ್ಲ. ಅವರಲ್ಲಿ ಚಿತ್ರ ಬರೆಯುವವರು, ಸಂಗೀತದವರು, ಮೇಷ್ಟ್ರುಗಳು ಹೆಚ್ಚಿಗೆ ಇದ್ದರು. ಚಿಕ್ಕಂದಿನಿಂದಲೂ ತಮಗೆ ಎಲ್ಲವೂ ಬೇಗ ತಾಕುತ್ತೆ, ಬೆಳಕು, ಸದ್ದು, ಬೇರೆಯವರ ಮಾತು ಎಲ್ಲ ಒಳಗೇ ಬಂದುಬಿಡುತ್ತೆ ಅಂತ ಹೇಳಿಕೊಂಡರು. ಕನಸಿಗೂ ಎಚ್ಚರಕ್ಕೂ ನಡುವೆ, ತಮಗೂ ಇನ್ನೊಬ್ಬರಿಗೂ ನಡುವೆ, ಒಂದು ಭಾವನೆಗೂ ಇನ್ನೊಂದಕ್ಕೂ ನಡುವೆ ಗೆರೆ ಇವರಲ್ಲಿ ಮಸುಕು. ಹಾರ್ಟ್‌ಮನ್ ಇದಕ್ಕೆ ತೆಳುವಾದ ಗಡಿ ಅಂದರು. 1984ರಲ್ಲಿ ದುಃಸ್ವಪ್ನಗಳ ಬಗ್ಗೆ ಅವರ ಪುಸ್ತಕ ಬಂತು. 1991ರಲ್ಲಿ ಮನಸ್ಸಿನ ಗಡಿಗಳ ಬಗ್ಗೆಯೇ ಇನ್ನೊಂದು ಪುಸ್ತಕ. 2013ರಲ್ಲಿ ಅವರು ತೀರಿಕೊಂಡರು.

ಈ ಊಹೆ ಸರಿಯೋ ತಪ್ಪೋ ಅಂತ ನೋಡಬೇಕಾದರೆ ಅಳೆಯಬೇಕಲ್ಲ? ಅದಕ್ಕೇ ಒಂದು ಪ್ರಶ್ನಾವಳಿ ಮಾಡಿದರು. ಅದರ ಹೆಸರೇ ಬೌಂಡರಿ ಕ್ವೆಶ್ಚನೇರ್. 138 ಪ್ರಶ್ನೆ, ಒಂದೊಂದಕ್ಕೂ 0ಯಿಂದ 4. ಹನ್ನೆರಡು ಗುಂಪು. ಮೊದಲ ಎಂಟು ಗುಂಪುಗಳು ನಮ್ಮ ಬಗ್ಗೆ: ನಿದ್ದೆ-ಕನಸು-ಎಚ್ಚರ, ವಿಚಿತ್ರ ಅನುಭವಗಳು, ಯೋಚನೆ ಮತ್ತು ಭಾವನೆ, ಬಾಲ್ಯ ಮತ್ತು ದೊಡ್ಡತನ, ಬೇರೆಯವರ ಜೊತೆಗಿನ ಸಂಬಂಧ, ಸೂಕ್ಷ್ಮತೆ, ಅಚ್ಚುಕಟ್ಟುತನ, ಅಂಚು-ಗೆರೆ-ಬಟ್ಟೆ. ಉಳಿದ ನಾಲ್ಕು ನಮ್ಮ ಅಭಿಪ್ರಾಯಗಳು: ಮಕ್ಕಳ ಬಗ್ಗೆ, ಸಂಸ್ಥೆಗಳ ಬಗ್ಗೆ, ಜನಾಂಗ ಮತ್ತು ದೇಶಗಳ ಬಗ್ಗೆ, ಸೌಂದರ್ಯ ಮತ್ತು ಸತ್ಯದ ಬಗ್ಗೆ. ಎಲ್ಲ ಸೇರಿಸಿದರೆ 0ಯಿಂದ 552ರೊಳಗೆ ಒಂದು ಸಂಖ್ಯೆ. ಜಾಸ್ತಿ ಬಂದರೆ ತೆಳು, ಕಡಿಮೆ ಬಂದರೆ ದಪ್ಪ.

ನೂರಾರು ಜನರಿಗೆ ಇದನ್ನು ಕೊಟ್ಟು ನೋಡಿದಾಗ ಗುಂಪುಗಳ ಸರಾಸರಿ ಹೆಚ್ಚುಕಡಿಮೆ ಊಹಿಸಿದ ಹಾಗೇ ಬಂತು. ಕಲಾ ವಿದ್ಯಾರ್ಥಿಗಳು, ದುಃಸ್ವಪ್ನದವರು ತೆಳು ಕಡೆ. ನೌಕಾಪಡೆಯ ಅಧಿಕಾರಿಗಳು ದಪ್ಪ ಕಡೆ. ಗಂಡಸರಿಗಿಂತ ಹೆಂಗಸರು ಸ್ವಲ್ಪ ತೆಳು, ವಯಸ್ಸಾದವರು ಸ್ವಲ್ಪ ದಪ್ಪ. ತೆಳು ಗಡಿಯವರಿಗೆ ಕನಸು ಹೆಚ್ಚು ನೆನಪಿರುತ್ತೆ.

ಇವರೇ ಮೊದಲಲ್ಲ

ಹಾರ್ಟ್‌ಮನ್ ಅವರಿಗಿಂತ ಹಿಂದೆಯೇ ಈ ಯೋಚನೆ ಇತ್ತು. 1920ರಲ್ಲಿ ಫ್ರಾಯ್ಡ್, ಹೊರಗಿನ ಪ್ರಚೋದನೆ ಒಂದೇ ಸಲಕ್ಕೆ ಒಳನುಗ್ಗದ ಹಾಗೆ ತಡೆಯುವ ಒಂದು ಕವಚ ಮನಸ್ಸಿಗಿದೆ ಅಂತ ಬರೆದಿದ್ದರು. ಅವರ ಶಿಷ್ಯ ಪಾಲ್ ಫೆಡರ್ನ್ "ನಾನು" ಅನ್ನುವುದರ ಗಡಿಯ ಬಗ್ಗೆ ಬರೆದರು. ಆದರೆ ಇವರ್ಯಾರೂ ಅಳೆಯೋಕೆ ಹೋಗಲಿಲ್ಲ.

ಅಳೆಯೋಕೆ ಹೋದವರು ಸೀಮೋರ್ ಫಿಶರ್ ಮತ್ತು ಸಿಡ್ನಿ ಕ್ಲೀವ್‌ಲ್ಯಾಂಡ್ ಅನ್ನುವ ಇಬ್ಬರು. 1958ರಲ್ಲಿ ಅವರ ಪುಸ್ತಕ ಬಂತು. ಅವರ ದಾರಿ ಬೇರೆ. ರೋರ್ಶಾಕ್ ಶಾಯಿ ಕಲೆಗಳನ್ನು ತೋರಿಸಿ "ಏನು ಕಾಣುತ್ತೆ?" ಅಂತ ಕೇಳುವುದು. ಆಮೆ ಚಿಪ್ಪು, ಕವಚ ತೊಟ್ಟ ಸೈನಿಕ, ಗೋಡೆ ಕಟ್ಟಿದ ಊರು ಇಂಥದ್ದು ಕಂಡರೆ ತಡೆಗೋಡೆಯ ಲೆಕ್ಕಕ್ಕೆ ಒಂದು ಅಂಕ. ಹರಿದ ಬಟ್ಟೆ, ತೆರೆದ ಬಾಯಿ, ಗಾಯ ಕಂಡರೆ ಒಳನುಗ್ಗುವಿಕೆಯ ಲೆಕ್ಕಕ್ಕೆ ಒಂದು ಅಂಕ. ಒಂದು ವಿಷಯ ಗಮನಿಸಿ. ಅವರು ಎರಡು ಲೆಕ್ಕ ಇಟ್ಟರು, ಒಂದೇ ಖಾತೆಗೆ ಕೂಡಿ ಕಳೆದು ಹಾಕಲಿಲ್ಲ. ಇದಕ್ಕೆ ಆಮೇಲೆ ಬರುತ್ತೇನೆ.

1992ರಲ್ಲಿ ಆರ್ಥರ್ ಆರನ್ ಮತ್ತು ಜೊತೆಗಾರರು ಇನ್ನೂ ಸರಳ ಉಪಾಯ ಮಾಡಿದರು. ಎರಡು ವೃತ್ತ, ಒಂದು ನೀವು, ಇನ್ನೊಂದು ನಿಮ್ಮ ಹತ್ತಿರದವರು. ಅಂಥ ಏಳು ಚಿತ್ರ. ಮೊದಲನೆಯದರಲ್ಲಿ ವೃತ್ತಗಳು ಬೇರೆ ಬೇರೆ, ಏಳನೆಯದರಲ್ಲಿ ಹೆಚ್ಚುಕಡಿಮೆ ಒಂದರ ಮೇಲೊಂದು. ಯಾವುದು ನಿಮ್ಮ ಸಂಬಂಧ ಅಂತ ಬೆರಳು ತೋರಿಸಿ, ಅಷ್ಟೇ. ನನಗೆ ಈ ಉಪಾಯ ತುಂಬಾ ಹಿಡಿಸಿತು. ಯಾಕೆಂದರೆ "ಯಾರ ಜೊತೆ?" ಅನ್ನುವ ಪ್ರಶ್ನೆ ಇದರೊಳಗೇ ಇದೆ. ಹೆಂಡತಿ ಜೊತೆಗೆ ಆರನೆಯ ಚಿತ್ರ, ಬಾಸ್ ಜೊತೆಗೆ ಮೊದಲನೆಯದು, ಅಣ್ಣನ ಜೊತೆಗೆ ಆಸ್ತಿ ಭಾಗ ಆಗುವ ಮುಂಚೆ ಐದು, ಆದ ಮೇಲೆ ಎರಡು... ಹೀಗೆ ಹೇಳಬಹುದು.

ಅಮ್ಮನಿಗೆ ಕೇಳಿ ನೋಡಿದೆ

ಓದುತ್ತಾ ಓದುತ್ತಾ ನನಗೆ ಒಂದು ಹುಚ್ಚು ಹತ್ತಿತು. ಈ ಬಗೆಯ ಕೆಲವು ಪ್ರಶ್ನೆಗಳನ್ನು ಕನ್ನಡ ಮಾಡಿಕೊಂಡು ಅಮ್ಮನಿಗೆ ಕೇಳಿದೆ. ಅಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು.

"ಅಮ್ಮ, ಮನೇಲಿ ಒಂದೊಂದು ಕೆಲಸಕ್ಕೆ ಒಂದೊಂದು ಕೋಣೆ ಅಂತ ಇರಬೇಕೋ, ಅಥವಾ ಹೇಗೆ ಬೇಕಾದರೂ ಬದಲಾಯಿಸಿಕೊಳ್ಳೋ ಹಾಗಿರಬೇಕೋ?"

"ಮನೇಲಿ ಎಷ್ಟು ಕೋಣೆ ಇದೆ ಅಂತ ಮೊದಲು ಹೇಳು."

ಹಾರ್ಟ್‌ಮನ್ ಅವರ ಪ್ರಶ್ನಾವಳಿಯಲ್ಲಿ ಇಂಥದ್ದೊಂದು ಇದೆ. ಮನೆಯನ್ನು ಹೇಗೆ ಬೇಕಾದರೂ ಬದಲಾಯಿಸಿಕೊಳ್ಳುವಂತಿರಬೇಕು ಅಂದರೆ ತೆಳು ಗಡಿಯ ಕಡೆಗೆ ಅಂಕ. ಪ್ರತಿಯೊಬ್ಬರಿಗೂ ಒಂದು ಕೋಣೆ ಇರುವ ಊರಿನಲ್ಲಿ ಇದು ಮನೋಧರ್ಮದ ಪ್ರಶ್ನೆ. ಹಗಲು ಹೊತ್ತು ಹಾಲ್ ಆಗಿದ್ದಿದ್ದು ರಾತ್ರಿ ಏಳು ಜನರಿಗೆ ಹಾಸಿಗೆ ಆಗುತ್ತಿದ್ದ ಮನೆಯಲ್ಲಿ ಬೆಳೆದ ನಮ್ಮಮ್ಮನಿಗೆ ಅದು ಬಾಡಿಗೆಯ ಪ್ರಶ್ನೆ.

"ಸರಿ ಬಿಡು. ಬೇರೆಯವರ ದುಃಖ ನೋಡಿದರೆ ನಿನಗೂ ಅಳು ಬರುತ್ತಾ?"

"ಯಾರ ದುಃಖ?"

"ಯಾರದಾದರೂ ಸರಿ, ಸುಮ್ಮನೆ ಒಟ್ಟಾರೆ ಹೇಳು."

"ಒಟ್ಟಾರೆ ಹೇಗೆ ಹೇಳೋಕಾಗುತ್ತೋ? ನಿಮ್ಮ ಚಿಕ್ಕಮ್ಮ ಅತ್ತರೆ ನನಗೆ ಊಟ ಸೇರಲ್ಲ. ಕೆಳಗಿನ ಮನೆಯವಳು ಅತ್ತರೆ ಯಾವ ಸಾಲ ಕೇಳೋಕೆ ಬಂದಿದಾಳೋ ಅಂತ ನೋಡ್ತೀನಿ."

"ಕನಸಿನಲ್ಲಿ ಒಬ್ಬರು ಇನ್ನೊಬ್ಬರಾಗಿ ಬದಲಾಗ್ತಾರಾ?"

"ನಿಮ್ಮಜ್ಜಿ ಬರ್ತಾರೆ, ಮುಖ ಮಾತ್ರ ನಮ್ಮ ಸ್ಕೂಲು ಟೀಚರದ್ದು. ಎಲ್ಲರಿಗೂ ಹಂಗೇ ಅಲ್ವಾ?"

ಎಲ್ಲರಿಗೂ ಹಾಗಲ್ಲ ಅಂತ ನಾನು ಹೇಳಲಿಲ್ಲ. ನನಗೂ ಹಾಗೇ ಆಗುತ್ತೆ :)

ಈಗ ಅಮ್ಮನ ಅಡುಗೆಮನೆ ನೋಡಿ. ಡಬ್ಬಿಗಳೆಲ್ಲ ಎತ್ತರದ ಪ್ರಕಾರ ಸಾಲಾಗಿರುತ್ತವೆ. ಸಾರಿನ ಪುಡಿ ಡಬ್ಬಿಯ ಮುಚ್ಚಳ ಹುಳಿಪುಡಿ ಡಬ್ಬಿಗೆ ಹಾಕಿದರೆ ಆವತ್ತು ಮನೆಯಲ್ಲಿ ಯುದ್ಧ. ಹಾರ್ಟ್‌ಮನ್ ಲೆಕ್ಕದಲ್ಲಿ ಇದು ಪಕ್ಕಾ ದಪ್ಪ ಗಡಿ. ಆದರೆ ಅದೇ ಅಮ್ಮನ ಮನೆ ಬಾಗಿಲು ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ತೆಗೆದೇ ಇರುತ್ತೆ. ಪಕ್ಕದ ಮನೆ ಮಕ್ಕಳು ನೇರ ಅಡುಗೆಮನೆಗೆ ಬಂದು "ಅಜ್ಜೀ, ಏನು ತಿಂಡಿ?" ಅನ್ನುತ್ತವೆ. ಕನಸು ನೋಡಿದರೆ ತೆಳು. ಮಕ್ಕಳಿಗೆ ಶಿಸ್ತು ಬೇಕೇ ಬೇಕು ಅಂತಾಳೆ, ಅದು ದಪ್ಪ. ಮೊಮ್ಮಕ್ಕಳ ಜೊತೆ ಕುಂಟಾಬಿಲ್ಲೆಗೆ ಗೆರೆ ಎಳೆಯೋಕೂ ಅವಳೇ ಮುಂದು, ಅದು ತೆಳು.

ಎಲ್ಲ ಕೂಡಿಸಿದರೆ? ಮಧ್ಯದಲ್ಲೆಲ್ಲೋ ಬರುತ್ತಾಳೆ. "ಸಾಧಾರಣ." ಅರವತ್ತೆಂಟು ವರ್ಷದ ಒಂದು ಹೆಂಗಸಿನ ಬಗ್ಗೆ ಇರುವ ಅಷ್ಟೂ ಕುತೂಹಲದ ವಿಷಯ ಆ ಕೂಡುವಿಕೆಯಲ್ಲೇ ಸೋರಿಹೋಯಿತು.

ಕೂಡಿಸಿದ್ದೇ ತಪ್ಪಾಯಿತಾ?

ಇಲ್ಲಿ ಸ್ವಲ್ಪ ಲೆಕ್ಕ ಬರುತ್ತೆ, ಸಹಿಸಿಕೊಳ್ಳಿ.

ಒಂದು ಪ್ರಶ್ನಾವಳಿ ನಂಬಬಹುದಾದ್ದಾ ಅಂತ ನೋಡೋಕೆ ಆಲ್ಫಾ ಅಂತ ಒಂದು ಸಂಖ್ಯೆ ಬಳಸುತ್ತಾರೆ. 1ಕ್ಕೆ ಹತ್ತಿರ ಇದ್ದಷ್ಟೂ ಪ್ರಶ್ನೆಗಳೆಲ್ಲ ಒಟ್ಟಿಗೆ ಹೋಗುತ್ತಿವೆ ಅಂತ ಅರ್ಥ. ಹಾರ್ಟ್‌ಮನ್ ಪ್ರಶ್ನಾವಳಿಯ ಆಲ್ಫಾ 0.9ಕ್ಕಿಂತ ಮೇಲಿದೆ. ಕೇಳೋಕೆ ಭರ್ಜರಿಯಾಗಿದೆ. ಆದರೆ ಈ ಆಲ್ಫಾ ಪ್ರಶ್ನೆಗಳ ಸಂಖ್ಯೆ ಜಾಸ್ತಿ ಆದ ಹಾಗೆ ತಾನೇ ತಾನಾಗಿ ಏರುತ್ತೆ. ಒಂದು ಪ್ರಶ್ನೆಗೂ ಇನ್ನೊಂದಕ್ಕೂ ಇರುವ ಸಂಬಂಧ ಸರಾಸರಿ ಬರೀ 0.1 ಅಂತಿಟ್ಟುಕೊಳ್ಳಿ. ಅಂದರೆ ಇಲ್ಲವೇನೋ ಅನ್ನುವಷ್ಟು ಕಡಿಮೆ. ಅಂಥ 138 ಪ್ರಶ್ನೆಗಳನ್ನು ಸೂತ್ರಕ್ಕೆ ಹಾಕಿದರೆ ಆಲ್ಫಾ 0.94 ಬರುತ್ತೆ! ಕ್ಯಾಲ್ಕುಲೇಟರ್ ಇದ್ದರೆ ನೀವೇ ಮಾಡಿ ನೋಡಿ: 13.8 ಭಾಗಿಸು 14.7. ಅಂದಮೇಲೆ ಆಲ್ಫಾ ಜಾಸ್ತಿ ಇದೆ ಅಂದಮಾತ್ರಕ್ಕೆ ಎಲ್ಲ ಪ್ರಶ್ನೆಗಳೂ ಒಂದೇ ಗುಣವನ್ನು ಅಳೆಯುತ್ತಿವೆ ಅಂತೇನಿಲ್ಲ.

ಒಂದೇ ಗುಣವಾ, ಹಲವಾ ಅಂತ ನೋಡೋಕೆ ಬೇರೆ ವಿಧಾನ ಇದೆ. 2001ರಲ್ಲಿ ಡೇವಿಡ್ ರಾಲಿಂಗ್ಸ್ ಅನ್ನುವವರು ಹಾರ್ಟ್‌ಮನ್ ಪ್ರಶ್ನಾವಳಿಯನ್ನು ಹಾಗೆ ಬಿಡಿಸಿ ನೋಡಿದರು. ಸಿಕ್ಕಿದ್ದು ಆರು ಗೊಂಚಲು: ವಿಚಿತ್ರ ಅನುಭವಗಳು, ಅಚ್ಚುಕಟ್ಟು ಬೇಕೆನ್ನುವುದು, ನಂಬಿಕೆ, ತಾನು ಸಮರ್ಥ ಅನ್ನುವ ಭಾವ, ಮಗುತನ, ಸೂಕ್ಷ್ಮತೆ. ಒಬ್ಬರಿಗೆ ಡಬ್ಬಿ ಜೋಡಿಸುವ ಹಟ ಇರಬಹುದು, ಜೊತೆಗೇ ಜನರ ಮೇಲೆ ಪೂರ್ತಿ ನಂಬಿಕೆಯೂ ಇರಬಹುದು. ನಮ್ಮಮ್ಮನ ಹಾಗೆ.

ನನ್ನ ಕತೆಯೂ ಅದೇ. ಟ್ರೈನಿಂಗಿನಲ್ಲಿ ನಾನು ಬಲಕ್ಕೆ ನಿಂತೆ ಅಂದೆನಲ್ಲ, ಯಾಕೆ ಗೊತ್ತಾ? ಆ ಹಾಳೆಯ ಇಪ್ಪತ್ತು ಪ್ರಶ್ನೆಯಲ್ಲಿ ಎಂಟು ಟೇಬಲ್, ಸಮಯ, ಪಟ್ಟಿ ಇವುಗಳ ಬಗ್ಗೆಯೇ ಇದ್ದವು. ನಾನು ಟೇಬಲ್ ಚೊಕ್ಕಟವಾಗಿಡುವವನು. ಆದರೆ ಹತ್ತು ವರ್ಷದ ತನಕ ರಾತ್ರಿ ಕಿರುಚಿಕೊಂಡು ಏಳುತ್ತಿದ್ದವನೂ ನಾನೇ. ಅಜ್ಜಿ ದಿಂಬಿನ ಕೆಳಗೆ ಕುಡುಗೋಲು ಇಟ್ಟು ಮಲಗಿಸುತ್ತಿದ್ದರು. ಹಾರ್ಟ್‌ಮನ್ ಸಂಶೋಧನೆ ಶುರುಮಾಡಿದ್ದೇ ನನ್ನಂಥವರಿಂದ. ಅವರ ಹೆಸರಿನ ಅಳತೆಗೋಲು ಇಪ್ಪತ್ತು ಪ್ರಶ್ನೆಗೆ ಇಳಿದು ನಮ್ಮ ಆಫೀಸಿಗೆ ಬರುವಷ್ಟರಲ್ಲಿ ನಾನು ನೌಕಾಪಡೆಯ ಅಧಿಕಾರಿ ಆಗಿಬಿಟ್ಟೆ!

ಇನ್ನೊಂದು ಸಂಗತಿ. 1994ರಲ್ಲಿ ರಾಬರ್ಟ್ ಮೆಕ್ರೇ, ಹಾರ್ಟ್‌ಮನ್ ಅಂಕವನ್ನು ವ್ಯಕ್ತಿತ್ವದ ಐದು ದೊಡ್ಡ ಗುಣಗಳಲ್ಲಿ ಒಂದಾದ "ಹೊಸ ಅನುಭವಕ್ಕೆ ತೆರೆದಿರುವಿಕೆ"ಯ ಜೊತೆ ಇಟ್ಟು ತೂಗಿದರು. ಸಂಬಂಧ 0.66. ಇಂಥ ಸಂಶೋಧನೆಗಳಲ್ಲಿ ಇದು ಸಾಕಷ್ಟು ದೊಡ್ಡ ಸಂಖ್ಯೆ. ಹಾಗಾದರೆ ಇದು ಹಳೆಯ ಹೆಂಡಕ್ಕೆ ಹೊಸ ಮಡಕೆ ಅಷ್ಟೇನಾ ಅಂತ ಕೇಳಬಹುದು. ನನಗೆ ಹಾಗನ್ನಿಸಲ್ಲ. 0.66ನ್ನು ವರ್ಗ ಮಾಡಿದರೆ ಸುಮಾರು 0.44. ಅಂದರೆ ಅರ್ಧಕ್ಕಿಂತ ಹೆಚ್ಚು ಭಾಗ ಬೇರೆ ಏನೋ ಇದೆ. ಕನಸು ಎಚ್ಚರದೊಳಕ್ಕೆ ಸೋರುವುದು, ಬೆಳಕು-ಸದ್ದು ತಡೆಯಲಾರದಿರುವುದು, ಇವನ್ನೆಲ್ಲ ಹೆಸರಿಟ್ಟು ಕೇಳಿದ ದೊಡ್ಡತನ ಹಾರ್ಟ್‌ಮನ್ ಅವರದು. ಪ್ರಶ್ನೆಗಳು ಚೆನ್ನಾಗಿವೆ. ಕೊನೆಯಲ್ಲಿ ಎಳೆದ ಮೊತ್ತದ ಗೆರೆ ನನಗೆ ಒಪ್ಪಿಗೆಯಾಗಲಿಲ್ಲ.

ರಾಮಾನುಜನ್ ಅವರ ಅಪ್ಪ ಎಷ್ಟು ಅಂಕ ತೆಗೆದುಕೊಳ್ಳುತ್ತಿದ್ದರು?

ಅಮ್ಮನ "ಯಾರ ದುಃಖ?" ಅನ್ನುವ ಪ್ರಶ್ನೆ ಕೇಳಿದಾಗ ನನಗೆ ನೆನಪಾಗಿದ್ದು ಎ.ಕೆ. ರಾಮಾನುಜನ್. ಮೈಸೂರಿನಲ್ಲಿ ಹುಟ್ಟಿ ಶಿಕಾಗೋದಲ್ಲಿ ಪಾಠ ಮಾಡಿದ ನಮ್ಮ ಕವಿ. 1989ರಲ್ಲಿ ಅವರ ಒಂದು ಇಂಗ್ಲಿಷ್ ಪ್ರಬಂಧ ಪ್ರಕಟವಾಯಿತು, ಭಾರತೀಯರದ್ದೇ ಆದ ಆಲೋಚನಾ ಕ್ರಮ ಅಂತ ಒಂದಿದೆಯೇ ಅನ್ನುವುದರ ಬಗ್ಗೆ. ಅದರಲ್ಲಿ ತಮ್ಮ ತಂದೆಯ ವಿಷಯ ಬರೆದಿದ್ದಾರೆ. ಗಣಿತದ ಪ್ರೊಫೆಸರು, ಖಗೋಳಶಾಸ್ತ್ರ ಬಲ್ಲವರು, ಜೊತೆಗೇ ಜ್ಯೋತಿಷ್ಯದಲ್ಲೂ ಪಂಡಿತರು. ಎರಡೂ ಒಂದೇ ತಲೆಯಲ್ಲಿ ಹೇಗಿರೋಕೆ ಸಾಧ್ಯ ಅಂತ ಮಗನಿಗೆ ತಳಮಳ. ಅಪ್ಪನಿಗೆ ಅದು ಸಮಸ್ಯೆಯೇ ಅಲ್ಲ. ರಾಮಾನುಜನ್ ಇದನ್ನು ಬೆಳೆಸಿ, ನಮ್ಮಲ್ಲಿ ನಿಯಮಗಳು ಸಂದರ್ಭ ನೋಡಿ ನಡೆಯುತ್ತವೆ, ಎಲ್ಲ ಸಂದರ್ಭಕ್ಕೂ ಒಂದೇ ಅನ್ನುವ ನಿಯಮ ನಮ್ಮ ಒಲವಲ್ಲ ಅನ್ನುವ ವಾದ ಇಡುತ್ತಾರೆ.

ಈಗ ಹೇಳಿ, ಆ ಅಪ್ಪನ ಗಡಿ ತೆಳುವೋ ದಪ್ಪವೋ? ವಿಜ್ಞಾನ ಮತ್ತು ಜ್ಯೋತಿಷ್ಯ ಎರಡನ್ನೂ ಒಳಗೆ ಬಿಟ್ಟುಕೊಂಡಿದ್ದಾರೆ, ಆದ್ದರಿಂದ ತೆಳು ಅನ್ನಬಹುದು. ಎರಡೂ ಒಂದಕ್ಕೊಂದು ತಾಗದ ಹಾಗೆ ಬೇರೆ ಬೇರೆ ಕೋಣೆಯಲ್ಲಿಟ್ಟಿದ್ದಾರೆ, ಆದ್ದರಿಂದ ದಪ್ಪ ಅನ್ನಬಹುದು. ಹೊರಗೋಡೆ ತೆಳು, ಒಳಗೋಡೆ ದಪ್ಪ. ಒಂದೇ ಅಳತೆಗೋಲಿನ ಮೇಲೆ ಇಂಥವರನ್ನು ಎಲ್ಲಿ ನಿಲ್ಲಿಸುತ್ತೀರಿ? ಫಿಶರ್ ಮತ್ತು ಕ್ಲೀವ್‌ಲ್ಯಾಂಡ್ ಎರಡು ಖಾತೆ ಇಟ್ಟಿದ್ದು ಎಷ್ಟು ಜಾಣತನ ಅಂತ ನನಗೆ ಅನ್ನಿಸಿದ್ದು ಇಲ್ಲಿ.

ಹಾರ್ಟ್‌ಮನ್ ಪುಸ್ತಕ ಬಂದ 1991ರಲ್ಲೇ ಹೇಝಲ್ ಮಾರ್ಕಸ್ ಮತ್ತು ಶಿನೊಬು ಕಿತಾಯಾಮಾ ಅನ್ನುವವರ ಒಂದು ಪ್ರಸಿದ್ಧ ಲೇಖನವೂ ಬಂತು. "ನಾನು" ಅಂದರೆ ಎಲ್ಲರಿಂದ ಬೇರೆಯಾಗಿ ನಿಂತ ಒಂದು ಘಟಕ ಅಂತ ಅಮೆರಿಕದಲ್ಲಿ ಅಂದುಕೊಂಡರೆ, ಜಪಾನಿನಲ್ಲಿ ಮತ್ತು ಏಷ್ಯಾದ ಇನ್ನೂ ಹಲವು ಕಡೆ "ನಾನು" ಅನ್ನುವುದರೊಳಗೆ ನಮ್ಮವರೂ ಸೇರಿಕೊಂಡಿರುತ್ತಾರೆ ಅನ್ನುವುದು ಅದರ ಸಾರ. ಇದನ್ನೂ ನಾನು ಕಣ್ಣುಮುಚ್ಚಿ ಒಪ್ಪುವುದಿಲ್ಲ. ಪೂರ್ವದವರು ಹೀಗೆ, ಪಶ್ಚಿಮದವರು ಹಾಗೆ ಅನ್ನುವುದೂ ಒಂದು ದಪ್ಪ ಬೇಲಿಯೇ. ನಮ್ಮ ಆಫೀಸಿನಲ್ಲೇ ಎಡಕ್ಕೂ ಬಲಕ್ಕೂ ಜನ ನಿಂತಿದ್ದರಲ್ಲ. ಆದರೂ ಒಂದು ಊರಿನಲ್ಲಿ ಹುಟ್ಟಿದ ಪ್ರಶ್ನೆಯನ್ನು ಇನ್ನೊಂದು ಊರಿಗೆ ಪದಕ್ಕೆ ಪದ ಇಟ್ಟು ಸಾಗಿಸಿದರೆ ಉತ್ತರದ ಅರ್ಥ ಬದಲಾಗುತ್ತೆ ಅನ್ನುವಷ್ಟನ್ನು ಒಪ್ಪಲೇಬೇಕು.

ಅನುವಾದದ ಕಷ್ಟವನ್ನೇ ನೋಡಿ. ಬೌಂಡರಿಗೆ ಕನ್ನಡದಲ್ಲಿ ಏನನ್ನೋಣ? "ಗಡಿ" ಅಂದರೆ ಬೆಳಗಾವಿ ನೆನಪಾಗುತ್ತೆ. "ಬೇಲಿ" ಅಂದರೆ ದನ ಓಡಿಸುವುದು. "ಮೇರೆ", "ಎಲ್ಲೆ" ಅಂದರೆ ಮೀರಬಾರದ್ದು ಅನ್ನುವ ನೀತಿ ಬಂದು ಕೂರುತ್ತೆ. ನನಗೆ ಸರಿ ಅನ್ನಿಸಿದ್ದು "ಬದು". ಎರಡು ಗದ್ದೆಯ ನಡುವಿನ ಬದು ತೀರಾ ದಪ್ಪ ಆದರೆ ಉಳುವ ನೆಲ ಹಾಳು, ತೀರಾ ತೆಳು ಆದರೆ ಮಳೆಗೆ ಕೊಚ್ಚಿಹೋಗುತ್ತೆ. ಎಷ್ಟು ದಪ್ಪ ಬೇಕು ಅನ್ನೋದು ಮಣ್ಣು, ಇಳಿಜಾರು, ನೀರು ನೋಡಿ ತೀರ್ಮಾನ. ಇದಕ್ಕಿಂತ ಒಳ್ಳೆಯ ಪದ ನಿಮಗೆ ಹೊಳೆದರೆ ಹೇಳಿ.

ಮತ್ತೆ ಆಫೀಸಿಗೆ

ನನ್ನ ಸಹೋದ್ಯೋಗಿಯ ವಿಷಯಕ್ಕೆ ಬರುತ್ತೇನೆ. ಅಲ್ಲಿ ನಾಲ್ಕು ತಪ್ಪುಗಳಾದವು ಅಂತ ನನಗನ್ನಿಸುತ್ತೆ.

ಒಂದು, ಗುಂಪಿನ ಸರಾಸರಿಯನ್ನು ಒಬ್ಬರ ಹಣೆಗೆ ಅಂಟಿಸಿದ್ದು. ಗಂಡಸರು ಸರಾಸರಿಯಲ್ಲಿ ಹೆಂಗಸರಿಗಿಂತ ಎತ್ತರ. ನಿಜ. ಹಾಗಂತ ಐದೂವರೆ ಅಡಿ ಎತ್ತರದವರೊಬ್ಬರು ಬಾಗಿಲಾಚೆ ನಿಂತಿದ್ದಾರೆ ಅಂದರೆ ಗಂಡೋ ಹೆಣ್ಣೋ ಹೇಳೋಕಾಗುತ್ತಾ? ಎತ್ತರದಷ್ಟು ಸ್ಪಷ್ಟ ವಿಷಯದಲ್ಲೇ ಹೀಗೆ. ಅಂದಮೇಲೆ ಇಪ್ಪತ್ತು ಪ್ರಶ್ನೆಯ ಹಾಳೆಯಿಂದ ಒಬ್ಬರು ಯಾವ ಕೆಲಸಕ್ಕೆ ಲಾಯಕ್ಕು ಅಂತ ಹೇಳುವುದು ಜಾತಕ ನೋಡಿದ ಹಾಗೇ. ಕಲಾ ವಿದ್ಯಾರ್ಥಿಗಳ ಸರಾಸರಿ ತೆಳು ಅಂದರೆ ತೆಳು ಗಡಿಯವರೆಲ್ಲ ಕಲಾವಿದರೇ ಆಗಬೇಕಿಲ್ಲ. ನೌಕಾಪಡೆಯವರು ದಪ್ಪ ಅಂದರೆ ಅಂಥವರೇ ಆ ಕೆಲಸಕ್ಕೆ ಹೋದರೋ, ಆ ಕೆಲಸವೇ ಅವರನ್ನು ಹಾಗೆ ಮಾಡಿತೋ ಅನ್ನೋದೂ ಆ ಅಂಕದಿಂದ ಗೊತ್ತಾಗಲ್ಲ.

ಎರಡು, "ಹೌದು" ಅನ್ನುವ ಅಭ್ಯಾಸ. ಅವರಿಗೆ ಜಾಸ್ತಿ ಅಂಕ ಹೇಗೆ ಬಂತು ಅಂತ ಆಮೇಲೆ ಇಬ್ಬರೂ ಕೂತು ಹಾಳೆ ನೋಡಿದೆವು. ಆ ಹಾಳೆಯಲ್ಲಿ ಬಹುಪಾಲು ಪ್ರಶ್ನೆಗಳಿಗೆ "ಹೌದು" ಅಂದರೆ ತೆಳು. ಅವರು ಸಂಕೋಚಕ್ಕೆ ಎಲ್ಲದಕ್ಕೂ 3 ಹಾಕಿದ್ದರು! "ಇಲ್ಲ ಅಂತ ಬರೆದರೆ ಚೆನ್ನಾಗಿರಲ್ಲ ಅನ್ನಿಸ್ತು" ಅಂದರು. ಹಾಳೆ ಅಳೆದಿದ್ದು ಗಡಿಯನ್ನಲ್ಲ, ಮರ್ಯಾದೆಯನ್ನು. ಹಾರ್ಟ್‌ಮನ್ ತಮ್ಮ ಪ್ರಶ್ನಾವಳಿಯಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಪ್ರಶ್ನೆಗಳನ್ನು ಉಲ್ಟಾ ಹಾಕಿದ್ದರು, ಅಂದರೆ ಅಲ್ಲಿ "ಹೌದು" ಅಂದರೆ ದಪ್ಪ. ಕತ್ತರಿಸಿ ಇಪ್ಪತ್ತು ಮಾಡಿದವರಿಗೆ ಅದರ ಗೊಡವೆಯೇ ಇರಲಿಲ್ಲ.

ಮೂರು, ತೆಳು ಅಂದರೆ ದುರ್ಬಲ ಅಂತ ಅರ್ಥ ಮಾಡಿದ್ದು. ಹಾರ್ಟ್‌ಮನ್ ಮತ್ತೆ ಮತ್ತೆ ಹೇಳಿದ್ದು, ಎರಡರಲ್ಲಿ ಒಂದು ಒಳ್ಳೆಯದು ಇನ್ನೊಂದು ಕೆಟ್ಟದ್ದು ಅಂತಿಲ್ಲ. ಗಿರಾಕಿ ಬಾಯಿ ಬಿಡುವ ಮೊದಲೇ ಅವನಿಗೆ ಎಲ್ಲಿ ನೋವಾಗಿದೆ ಅಂತ ಈಕೆಗೆ ತಿಳಿಯುತ್ತಿದ್ದುದು ಆ ತೆಳುತನದಿಂದಲೇ ಯಾಕಿರಬಾರದು?

ನಾಲ್ಕು, ಪದದ ಗೊಂದಲ. ಈಗ ಇನ್‌ಸ್ಟಾಗ್ರಾಂ ತೆಗೆದರೆ ಸಾಕು, "ಬೌಂಡರಿ ಹಾಕಿಕೊಳ್ಳಿ" ಅನ್ನುವ ಉಪದೇಶ. ರಾತ್ರಿ ಹತ್ತು ಗಂಟೆಗೆ ಬರುವ ಬಾಸ್ ಫೋನ್ ಎತ್ತಬೇಡಿ, ನೆಂಟರಿಗೆ ಇಲ್ಲ ಅನ್ನಿ, ಇತ್ಯಾದಿ. ಅದು ತಪ್ಪಲ್ಲ. ಆದರೆ ಅದು ಒಂದು ನಡವಳಿಕೆ, ಕಲಿಯಬಹುದಾದ ಕೌಶಲ. ಹಾರ್ಟ್‌ಮನ್ ಹೇಳುತ್ತಿದ್ದುದು ಬಹುಕಾಲ ಹಾಗೇ ಉಳಿಯುವ ಮನಸ್ಸಿನ ಹದ. ಕನಸು ನೆನಪಿರುವ, ಹಾಡು ಕೇಳಿದರೆ ಕಣ್ಣು ತುಂಬುವ ಮನುಷ್ಯ ಹತ್ತು ಗಂಟೆಗೆ ಫೋನ್ ಆಫ್ ಮಾಡೋದನ್ನ ಆರಾಮಾಗಿ ಕಲಿಯಬಹುದು. ಟೇಬಲ್ ಚೊಕ್ಕಟವಾಗಿಡುವ ನಾನು ಈವರೆಗೂ ಕಲಿತಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅನ್ನುತ್ತಾರಲ್ಲ, ಇದೂ ಹಾಗೇ ಆಯಿತು. ಮನುಷ್ಯರು ಎಷ್ಟು ಬಗೆ ಅಂತ ಅರ್ಥ ಮಾಡಿಕೊಳ್ಳೋಕೆ ಹುಟ್ಟಿದ ಅಳತೆ, ಮನುಷ್ಯರನ್ನು ಎರಡೇ ಸಾಲಿನಲ್ಲಿ ನಿಲ್ಲಿಸೋಕೆ ಬಳಕೆಯಾಯಿತು.

ಹಾಗಾದರೆ ಏನು ಮಾಡಬೇಕು? ನನ್ನ ಅಭಿಪ್ರಾಯ ಇಷ್ಟು. ಸಂಶೋಧನೆ ಮಾಡುವವರು ಅಳೆಯಲಿ, ಒಂದೇ ಮೊತ್ತ ಕೊಡುವ ಬದಲು ಗೊಂಚಲು ಗೊಂಚಲಾಗಿ ಹೇಳಲಿ. ಕನ್ನಡಕ್ಕೆ ತರುವವರು ಮೊದಲು ಅವರೆಕಾಯಿ ಬಿಡಿಸುವವರ ಹತ್ತಿರ ಕೂತು ಕೇಳಲಿ, "ಯಾರ ದುಃಖ?" ಅನ್ನುವ ಮರುಪ್ರಶ್ನೆಗೆ ಜಾಗ ಇಡಲಿ. ಕೆಲಸಕ್ಕೆ ತೆಗೆದುಕೊಳ್ಳೋಕೆ, ಬಿಡೋಕೆ ಇದನ್ನು ಖಂಡಿತ ಬಳಸಬಾರದು. ಆರು ವರ್ಷದ ಕೆಲಸ ಕಣ್ಣೆದುರು ಇರುವಾಗ ಹತ್ತು ನಿಮಿಷದ ಹಾಳೆ ಯಾಕೆ ಬೇಕು?

ಇದನ್ನೆಲ್ಲ ಒಂದು ಪುಟಕ್ಕೆ ಇಳಿಸಿ ಮ್ಯಾನೇಜರ್ ಹತ್ತಿರ ಹೋಗಿ ಮಾತಾಡಿದೆ. 0.1 ಮತ್ತು 0.94ರ ಲೆಕ್ಕ ತೋರಿಸಿದೆ. ಅವರು ಕೆಟ್ಟವರೇನಲ್ಲ, ಆಸಕ್ತಿಯಿಂದ ಕೇಳಿದರು. "ಮುಂದಿನ ಪ್ರಾಜೆಕ್ಟಿಗೆ ನೋಡೋಣ" ಅಂದರು. ಈ ಪ್ರಾಜೆಕ್ಟಿಗೆ ಏನೂ ಆಗಲಿಲ್ಲ. ಸಹೋದ್ಯೋಗಿ ಈಗ ಹಿಂದಿನ ಸಾಲಿನಲ್ಲಿ ಕೂತು ರಿಪೋರ್ಟ್ ಮಾಡುತ್ತಿದ್ದಾರೆ. ಗಿರಾಕಿ ಕಡೆಯವರು ಎರಡು ಸಲ ಫೋನ್ ಮಾಡಿ "ಮೇಡಂ ಎಲ್ಲಿ?" ಅಂತ ಕೇಳಿದರಂತೆ.

ಆ ಇಪ್ಪತ್ತು ಪ್ರಶ್ನೆಯ ಹಾಳೆ ಇನ್ನೂ ನನ್ನ ಡ್ರಾಯರಿನಲ್ಲಿದೆ, ಚೊಕ್ಕಟವಾಗಿ ಮಡಿಸಿ ಇಟ್ಟಿದ್ದೇನೆ.

ನಿಮ್ಮ ಆಫೀಸು, ಕಾಲೇಜುಗಳಲ್ಲೂ ಇಂಥ ಹಾಳೆಗಳು ಬಂದಿವೆಯಾ? ನಿಮ್ಮನ್ನು ಯಾವ ಸಾಲಿನಲ್ಲಿ ನಿಲ್ಲಿಸಿದರು, ಅದರಿಂದ ಆಮೇಲೆ ಏನಾದರೂ ವ್ಯತ್ಯಾಸ ಆಯಿತಾ? ಬರೆಯಿರಿ. ಮತ್ತೆ, ಕನಸಿನಲ್ಲಿ ಅಜ್ಜಿಗೆ ಟೀಚರ ಮುಖ ಬರುವವರು ಎಷ್ಟು ಜನ ಇದ್ದೀರಿ ಅಂತಲೂ ಹೇಳಿ. ಅಮ್ಮನಿಗೆ ಓದಿ ಹೇಳಬೇಕು :)